ಗದ್ದವಿಲ್ಲದ ಸಿಟ್ಟಪ್ಪ

ನಾನು ಒಂದು ಮುಖ. ಬರೀ ಮುಖ. ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯಿಲ್ಲ. ಕೆಳದವಡೆಯೂ ಇಲ್ಲ. ಹುಟ್ಟಿದ್ದೇ ಹೀಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಳು ಕೆಟ್ಟದ್ದು ಈ ಒಂದು ಸಂಗತಿ ತಿಳಿಯದವರಿಂದ. ಗುಡಿಯ ಬಾಗಿಲ ಮೇಲೆ ಕಣ್ಣು ಕೆಕ್ಕರಿಸಿಕೊಂಡು, ಕೋರೆಹಲ್ಲು ತೋರಿಸುತ್ತ ಕೂತಿರುತ್ತದಲ್ಲ, ಆ ಕೀರ್ತಿಮುಖ ನಾನು. ನಮ್ಮಂಥವರ ಕೆಳಗೆ ನೀವು ಎಷ್ಟೋ ಸಲ ಹಾದುಹೋಗಿದ್ದೀರಿ. ತಲೆಯೆತ್ತಿ ನೋಡಿದವರು ಕಡಿಮೆ.

ಗದಗ ಸೀಮೆಯ ಒಂದು ಹಳ್ಳಿಯಲ್ಲಿ, ಕಪ್ಪು ಬಳಪದ ಕಲ್ಲಿನಲ್ಲಿ, ಕೇತೋಜನೆಂಬ ಶಿಲ್ಪಿ ನನ್ನನ್ನು ಕಡೆದ. ಇದಾಗಿ ಒಂಬೈನೂರು ವರ್ಷವಾಗಿರಬಹುದು. ಒಂದು ಮಧ್ಯಾಹ್ನ ಬುತ್ತಿ ತಂದ ಅವನ ಹೆಂಡತಿ ನನ್ನನ್ನು ನೋಡಿ ಬೆಚ್ಚಿದಳು. "ಇದರ ಗದ್ದ ಎಲ್ಲಿ ಹೋಯಿತು?" ಎಂದಳು.

"ಅದನ್ನೂ ಇವನೇ ತಿಂದ" ಎಂದು ಕೇತೋಜ ನಕ್ಕ. ಆಮೇಲೆ ಕಥೆ ಹೇಳಿದ. ಶಿವನ ಸಿಟ್ಟಿನಿಂದ ಒಂದು ಭೂತ ಹುಟ್ಟಿತಂತೆ. ಹಸಿವು ಹಸಿವು ಎಂದು ಕೂಗಿತಂತೆ. "ಹಾಗಾದರೆ ನಿನ್ನನ್ನೇ ತಿನ್ನು" ಎಂದನಂತೆ ಶಿವ. ಅದು ಕಾಲಿನಿಂದ ಶುರುಮಾಡಿ ಗದ್ದದವರೆಗೂ ತನ್ನನ್ನೇ ತಿಂದಿತು. ಇಂಥ ಹಸಿವನ್ನು ಕಂಡು ಶಿವನೇ ಬೆರಗಾಗಿ, "ಸಾಕಪ್ಪ, ನನ್ನ ಬಾಗಿಲ ಮೇಲೆ ಕೂತಿರು" ಎಂದನಂತೆ.

ಕಥೆ ಮುಗಿಸಿ ಕೇತೋಜ ಉಳಿ ಎತ್ತಿಕೊಂಡ. ನನ್ನ ಬಾಯಿಯ ಎರಡೂ ಕಡೆಯಿಂದ ಎರಡು ಬಳ್ಳಿ ಹೊರಡಿಸಿದ. ಅವು ಬಾಗಿಲಿನ ಎಡಕ್ಕೂ ಬಲಕ್ಕೂ ಸುತ್ತಿಸುತ್ತಿ ನೆಲದವರೆಗೆ ಇಳಿದವು. ನಡುನಡುವೆ ಹಕ್ಕಿ, ಮೊಗ್ಗು. ಒಂದು ಮೊಗ್ಗಿನಂತೆ ಇನ್ನೊಂದಿಲ್ಲ. ಗುಡಿಯ ಅಂದವೆಲ್ಲ ಈ ತೆರೆದ ಬಾಯಿಂದಲೇ ಶುರುವಾಗುತ್ತಿತ್ತು. ಅದಕ್ಕೇ ನನಗೆ ಅಷ್ಟು ಸೊಕ್ಕು.

ರಾಜರು ಬಂದರು, ಹೋದರು. ದಂಡಿನವನೊಬ್ಬ ಸುಮ್ಮನೆ ಕೊಡಲಿ ಬೀಸಿ ನನ್ನ ಎಡಗಿವಿ ಹಾರಿಸಿದ. ಕುರಿ ಕಾಯುವವರು ಮಳೆಗೆ ಒಳಗೆ ಬಂದು ಒಲೆ ಹೂಡಿ ಮುಖಕ್ಕೆ ಮಸಿ ಹಿಡಿಸಿದರು. ಆಮೇಲೆ ಬಂದ ಭಕ್ತರು ಹಬ್ಬಕ್ಕೊಮ್ಮೆ ಸುಣ್ಣ ಬಳಿದೂ ಬಳಿದೂ ಬಳ್ಳಿಯ ಹಕ್ಕಿಗಳನ್ನು ಕೋಳಿಮೊಟ್ಟೆ ಮಾಡಿಟ್ಟರು. ನಾನು ಕಣ್ಣು ಕೆಕ್ಕರಿಸಿದೆ, ಸಹಿಸಿದೆ. ಕೆಡಿಸಲು ಬಂದವನು ಕೆಡಿಸಿ ಹೋಗುತ್ತಾನೆ. ಉದ್ಧಾರ ಮಾಡಲು ಬಂದವನು ಅಷ್ಟು ಬೇಗ ಹೋಗುವುದಿಲ್ಲ.

ಊರವರು ನನ್ನನ್ನು ಸಿಟ್ಟಪ್ಪ ಎಂದು ಕರೆಯುತ್ತಾರೆ. ಈ ಊರಲ್ಲಿ ಒಂದು ಪದ್ಧತಿ ಇದೆ. ಇಬ್ಬರು ಜಗಳವಾಡಿದರೆ ಜೊತೆಯಾಗಿ ಬಂದು ನನ್ನ ಕೆಳಗೆ ನಿಲ್ಲಬೇಕು. ಮುನಿಸಿಕೊಂಡವರು ತಮ್ಮ ಸಿಟ್ಟನ್ನು ಬಾಯಲ್ಲೇ ಗೊಣಗಿ, ಒಂದು ಹೂವನ್ನು ನನ್ನ ಬಾಯಿಗೆ ಎಸೆಯಬೇಕು. ಗದ್ದವಿಲ್ಲದ ಬಾಯಲ್ಲಿ ಹೂವು ನಿಂತೀತೆ? ಕೆಳಗೆ ಬೀಳುತ್ತದೆ. ಸಿಟ್ಟನ್ನು ನಾನು ತಿಂದೆ, ಹೂವನ್ನು ವಾಪಸು ಕೊಟ್ಟೆ ಎಂದು ಲೆಕ್ಕ. ತಪ್ಪು ಮಾಡಿದವರು ಅದನ್ನು ಹೆಕ್ಕಿ ಇನ್ನೊಬ್ಬರಿಗೆ ಕೊಟ್ಟರೆ ಮುಗಿಯಿತು. 'ತಪ್ಪಾಯಿತು' ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗೆ ಹೇಳಿದರೆ ನಾಲಿಗೆ ಸವೆಯುತ್ತದೆ ಎಂದು ನಂಬಿದ ಜನ ಇವರು.

ನನ್ನ ಕೆಳಗಿನ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟುವ ಹೂಗಾರ ಪಾರವ್ವನಂತೂ ವಾರಕ್ಕೊಮ್ಮೆಯಾದರೂ ಸೊಸೆ ರೇಣವ್ವನನ್ನು ಕರೆದುಕೊಂಡು ಬರುತ್ತಿದ್ದಳು. ಇಬ್ಬರ ಮೂಗಿನ ತುದಿಯಲ್ಲೂ ಕೋಪ. ಹೂವು ಬೀಳುತ್ತಿತ್ತು, ಅತ್ತೆ ಹೆಕ್ಕಿ ಸೊಸೆಗೆ ಮುಡಿಸುತ್ತಿದ್ದಳು, ಇಲ್ಲವೇ ಸೊಸೆ ಅತ್ತೆಗೆ. "ಏನ ಸಿಟ್ಟಪ್ಪ, ಹೊಟ್ಟಿ ತುಂಬಿತೇನು?" ಎಂದು ಪಾರವ್ವ ನನ್ನನ್ನೇ ಚುಡಾಯಿಸುತ್ತಿದ್ದಳು. ಹೊಟ್ಟೆಯೇ ಇಲ್ಲದವನನ್ನು!

ಹೀಗಿರುವಾಗ ಜೀರ್ಣೋದ್ಧಾರ ಸಮಿತಿ ಎಂಬುದು ಹುಟ್ಟಿತು. ಅಧ್ಯಕ್ಷರು ಫಕ್ಕೀರಗೌಡರು. ಕೆಟ್ಟವರಲ್ಲ, ಇಲ್ಲದ ಉಸಾಬರಿ ಮೈಮೇಲೆ ಎಳೆದುಕೊಳ್ಳುವವರು. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿ, "ಅಯ್ಯಯ್ಯ, ಗದ್ದ ಬಿದ್ದು ಹೋಗೇತಲ್ಲೋ! ಇಷ್ಟ ವರ್ಷ ಯಾರೂ ನೋಡೇ ಇಲ್ಲ" ಎಂದು ಮರುಗಿದರು. ಗೋಡೆಗೆ ಗಿಲಾವು ಮಾಡುವ ಮೌನೇಶಪ್ಪನನ್ನು ಏಣಿ ಹತ್ತಿಸಿದರು.

"ಗೌಡ್ರ, ಗದ್ದ ಹೆಂಗ ಇರ್ಬೇಕ್ರಿ?" ಎಂದು ಅವನು ಮೇಲಿನಿಂದ ಕೇಳಿದ.

"ಗದ್ದ ಗದ್ದದಂಗ ಇರ್ಬೇಕು. ನಿಂದ ನೋಡ್ಕೊಂಡು ಮಾಡು."

ಅವನು ಒಂದು ಕೈಯಿಂದ ತನ್ನ ಗದ್ದ ಸವರಿಕೊಳ್ಳುತ್ತ, ಇನ್ನೊಂದು ಕೈಯಿಂದ ನನಗೆ ಸಿಮೆಂಟು ಮೆತ್ತಿದ. ಕೆಳಗೊಂದು ಸಾಲು ಹಲ್ಲೂ ಬಂತು, ಕೆಂಪು ಆಯಿಲ್ ಪೇಂಟಿನ ತುಟಿಯೂ ಬಂತು. ಶಿವನ ಅಪ್ಪಣೆಯಂತೆ ನಾನೇ ತಿಂದು ಮುಗಿಸಿದ ಗದ್ದವನ್ನು ಸಮಿತಿಯವರು ಠರಾವು ಮಾಡಿ ವಾಪಸು ತಂದರು! ಬಳ್ಳಿಯ ಬುಡ ಸಿಮೆಂಟಿನಡಿ ಮುಚ್ಚಿಹೋಯಿತು. ಕೆಳಗೆ ನಿಂತವರು ಚಪ್ಪಾಳೆ ಹೊಡೆದರು. ನನ್ನ ಮೈಯೆಲ್ಲ ಉರಿಯಿತು. ಮೈಯಿಲ್ಲದವನಿಗೆ ಮೈ ಉರಿಯುವುದೆಂದರೆ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು?

ಅದಾದ ಕೆಲವೇ ದಿನಕ್ಕೆ ಪಾರವ್ವನ ಮನೆಯಲ್ಲಿ ದೊಡ್ಡ ಜಗಳವಾಯಿತು. ದೇವರಿಗೆಂದು ಎತ್ತಿಟ್ಟ ಬುಟ್ಟಿಯಿಂದ ಒಂದೆಳೆ ಮಲ್ಲಿಗೆಯನ್ನು ರೇಣವ್ವ ಮುಡಿದಳೆಂದು ಅತ್ತೆ ಅವಳನ್ನು ನಾಲ್ಕು ಜನರೆದುರು 'ಕಳ್ಳಿ' ಎಂದಿದ್ದಳು. ಅಂದ ಮೇಲೆ ಗೊತ್ತಾಯಿತು, ಆ ಹೂವು ಸೊಸೆ ತಾನೇ ಬೆಳೆಸಿದ ಬಳ್ಳಿಯದು. ಆಡಿದ ಮಾತು ನುಂಗುವಂತಿರಲಿಲ್ಲ. ಮುಖ ಊದಿಸಿಕೊಂಡು ಇಬ್ಬರೂ ಬಂದು ನಿಂತರು. ಪಾರವ್ವ ಆಗಲೇ ಸೆರಗಿಗೆ ಕೈ ಒರೆಸಿಕೊಂಡು ಹೂವು ಹೆಕ್ಕಲು ಬಗ್ಗಿದ್ದಳು.

ರೇಣವ್ವ ಎಸೆದಳು. ಹೂವು ಹೊಸ ಹಲ್ಲಿನ ಸಾಲಿಗೆ ಸಿಕ್ಕಿ ನಿಂತಿತು. ನಾನು ಉಗುಳಲು ನೋಡಿದೆ. ಆಗಲಿಲ್ಲ. ಅವಳು ಇನ್ನೊಂದು ಎಸೆದಳು. ಅದೂ ಬೀಳಲಿಲ್ಲ.

"ಸಿಟ್ಟಪ್ಪಗೂ ನಾ ಕಳ್ಳೀನ ಅನಸ್ತೇತಿ" ಎಂದಳು ರೇಣವ್ವ. "ನಾ ಅಪ್ಪನ ಮನಿಗೆ ಹೊಕ್ಕೇನ್ರಿ ಅತ್ತೀ."

ಪಾರವ್ವ ಬಾಯಿ ತೆರೆದಳು. ಕೊಡಲು ಹೂವಿಲ್ಲ; 'ತಪ್ಪಾಯಿತು' ಎಂಬ ಮಾತನ್ನು ಅವಳು ಎಂದೂ ಆಡಿದವಳಲ್ಲ, ಹೇಗೆ ಆಡಬೇಕೆಂದು ಗೊತ್ತೂ ಇಲ್ಲ. ಬಾಯಿ ಮುಚ್ಚಿದಳು. ರೇಣವ್ವ ಬಸ್ಸು ಹತ್ತಿದಳು. ನನ್ನ ಬಾಯಲ್ಲಿ ಹೂವು ಕೊಳೆತು ನೊಣ ಮುತ್ತಿತು. ಗೌಡರೇ, ನಿಮ್ಮ ಗದ್ದಕ್ಕೆ ಬೆಂಕಿ ಬೀಳಲಿ ಎಂದು ನಾನು ಶಪಿಸಿದೆ. ಅಂದದ್ದಕ್ಕೆ ಪಶ್ಚಾತ್ತಾಪವೇನೂ ಇಲ್ಲ.

ಕೊನೆಗೆ ಪಾರವ್ವನೇ ಒಂದು ದಿನ ಬಿದಿರಿನ ಗಳ ತಂದಳು. "ಉಗುಳೋ ಮೂಳಾ, ನನ್ನ ಸೊಸಿ ಹೂವ ಉಗುಳು" ಎನ್ನುತ್ತ ತಿವಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಿಮೆಂಟಿನ ಗದ್ದ ಕಳಚಿ ಬಿತ್ತು. ಜೊತೆಗೆ ನನ್ನ ಮೇಲ್ದುಟಿಯ ಒಂದು ಚೂರನ್ನೂ, ಕೇತೋಜನ ಬಳ್ಳಿಯ ಮೊದಲ ಸುರುಳಿಯನ್ನೂ ಕಿತ್ತುಕೊಂಡೇ ಬಿತ್ತು. ನೋವಾಯಿತು. ಆದರೂ ಬಾಯಿ ತೆರೆದಿತ್ತು, ಗಾಳಿ ಆಡಿತು.

ಸಮಿತಿ ಮತ್ತೆ ಕೂಡಿತು. ಒಡೆದು ಭಿನ್ನವಾದ ಮುಖ ಬಾಗಿಲ ಮೇಲೆ ಇರಬಾರದಂತೆ, ಊರಿಗೆ ಅಪಶಕುನವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನನ್ನು ಮೀಟಿ ಇಳಿಸಿ ಗುಡಿಯ ಹಿಂದಿನ ಹುಲ್ಲಿನಲ್ಲಿ ಅಂಗಾತ ಮಲಗಿಸಿದರು. ನನ್ನ ಜಾಗದಲ್ಲಿ ಪೇಟೆಯಿಂದ ತಂದ ಸಿಮೆಂಟಿನ ಮುಖ ಕೂತಿತು. ಅದಕ್ಕೆ ಗದ್ದ, ಮೀಸೆ ಎಲ್ಲ ಇದೆ. ಬಳ್ಳಿಗಳು ಮಾತ್ರ ಅದರ ಬಾಯಿಗೆ ಸೇರದೆ ಮೊಳದ ದೂರದಲ್ಲೇ ನಿಂತಿವೆ.

ಅಂಗಾತ ಬಿದ್ದ ಬಾಯಲ್ಲಿ ಮಳೆಯ ನೀರು ತುಂಬುತ್ತಿತ್ತು. ಪಾರವ್ವ ದಿನಾ ಬಂದು ಬೊಗಸೆಯಿಂದ ಗೋರಿ ಚೆಲ್ಲುತ್ತಿದ್ದಳು.

ಶ್ರಾವಣದಲ್ಲಿ ರೇಣವ್ವ ತನ್ನ ಟ್ರಂಕು ಒಯ್ಯಲು ಊರಿಗೆ ಬಂದಳು. ಗುಡಿಯ ಮುಂದೆ ಹೊಸ ಮುಖವನ್ನು ಕಂಡು, ಹಳಬನನ್ನು ಹುಡುಕುತ್ತ ಹಿಂದಕ್ಕೆ ಬಂದಳು. ಅತ್ತೆ ಅಲ್ಲೇ ಕೂತಿದ್ದಳು.

"ಇವನ್ನ ಯಾಕ ಹಿಂಗ ಮಲಗಿಸ್ಯಾರ್ರಿ?"

"ಎಬ್ಬಸಾಕ ನೋಡೀನಿ. ಒಬ್ಬಾಕಿ ಕೈಲೆ ಆಗೂದಿಲ್ಲ."

ರೇಣವ್ವ ಸೆರಗು ಸಿಗಿಸಿಕೊಂಡಳು. "ಸರೀರಿ, ನಾನೂ ಹಿಡೀತೀನಿ."

ಇಬ್ಬರೂ ಏದುಸಿರು ಬಿಡುತ್ತ, ನನ್ನನ್ನೂ ಗೌಡರನ್ನೂ ಬೈಯುತ್ತ, ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರು. ರೇಣವ್ವ ಒಂದು ಮಲ್ಲಿಗೆಯನ್ನು ನನ್ನ ಒಡೆದ ಬಾಯಿಗೆ ಇಟ್ಟಳು. ಅದು ಬಿತ್ತು. ಪಾರವ್ವ ಗಬಕ್ಕನೆ ಹೆಕ್ಕಿದಳು. ಸೊಸೆಯ ಮುಡಿಗೆ ಸಿಕ್ಕಿಸಿದಳು.

"ಬರೇ ಒಂದ ಹೂವೇನ್ರಿ?" ಎಂದಳು ರೇಣವ್ವ, ಮೂಗು ಸೆಳೆಯುತ್ತ. "ಕಳ್ಳಿ ಅಂದದ್ದಕ್ಕ ಒಂದ ಮಾಲೀನ ಬೇಕು."

ಟ್ರಂಕು ಮನೆಯಲ್ಲೇ ಉಳಿಯಿತು.

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಕಿವಿ ಹೋಯಿತು, ತುಟಿ ಹೋಯಿತು, ಬಾಗಿಲು ಹೋಯಿತು. ಒಂಬೈನೂರು ವರ್ಷ ಹೊತ್ತ ಬಳ್ಳಿ ಈಗ ಬುಡವಿಲ್ಲದೆ ನೇತಾಡುತ್ತಿದೆ. ನೆನೆದಾಗಲೆಲ್ಲ ಕಣ್ಣು ಕೆಕ್ಕರಿಸುತ್ತೇನೆ. ಆದರೂ ಊರವರು ಈಗ ಗುಡಿಯ ಹಿಂದೆ, ಹುಲ್ಲು ತುಳಿದುಕೊಂಡು, ನನ್ನ ಹತ್ತಿರವೇ ಬರುತ್ತಾರೆ. ಮೊನ್ನೆ ಫಕ್ಕೀರಗೌಡರೂ ತಮ್ಮನ ಜೊತೆ ಬಂದಿದ್ದರು; ಅವರ ಸಿಟ್ಟನ್ನೂ ತಿಂದೆ, ರುಚಿ ಇರಲಿಲ್ಲ. ನೀವೂ ಬನ್ನಿ. ಸಿಟ್ಟು ತನ್ನಿ, ಒಂದು ಹೂವು ತನ್ನಿ. ಸಿಮೆಂಟು ಮಾತ್ರ ತರಬೇಡಿ.