ಆಲ್ಬಿನ್ ಅವರ ಮೊಳೆ

ನಮ್ಮ ಚೀಸ್ ಕಾರ್ಖಾನೆಯ ಬಾಗಿಲ ಪಕ್ಕ, ಗೋಡೆಯ ಮೇಲೆ ಮೊಳೆಗಳ ಸಾಲಿದೆ. ಒಂದೊಂದರ ಮೇಲೂ ಒಂದೊಂದು ಹೆಸರು. ಕೆಲಸ ಬಿಟ್ಟು ಹೋದವರ ಮೊಳೆಯನ್ನು ನಾವು ಕೀಳುವುದಿಲ್ಲ, ಅವರ ಬಿಳಿ ಕೋಟನ್ನೂ ತೆಗೆಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಈ ಪುಟ್ಟ ಊರಿನಲ್ಲಿ ಅದೇ ಮರ್ಯಾದೆ. ಮೂವತ್ತೊಂದು ವರ್ಷದಿಂದ ಇಲ್ಲಿ ಆಫೀಸು ನೋಡಿಕೊಳ್ಳುತ್ತಿರುವ ನಾನು ದಿನವೂ ಆ ಹೆಸರುಗಳನ್ನು ಓದಿಯೇ ಒಳಗೆ ಹೋಗುತ್ತೇನೆ. ನಾನು ಸೇರಿದ ಕಾಲದಲ್ಲಿ ಹಿರಿಯ ಕೆಲಸಗಾರ ಆಲ್ಬಿನ್ ಹಾಲು ಕಾಯಿಸುವ ತೊಟ್ಟಿಗೆ ಕೈ ಅದ್ದಿ ಹದ ಹೇಳುತ್ತಿದ್ದರು. ಶುಕ್ರವಾರ ಯಾರೇ ಬಂದರೂ ಹಿಡಿ ತುಂಬ ಬೆಚ್ಚನೆಯ ಚೀಸ್ ತುಣುಕು ಸಿಗುತ್ತಿತ್ತು.

ಆಲ್ಬಿನ್ ನಿವೃತ್ತರಾಗಿ ಆರು ವರ್ಷವಾಗಿತ್ತು. ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಮಾರಿಸೆಲಾ ಒಂದು ದಿನ ಮಾಲೀಕ ವೆರ್ಲಿನ್ ಎದುರು ಬಂದು ನಿಂತಳು.

"ಆಲ್ಬಿನ್ ಅವರ ಹೆಸರು, ಪಾಸ್‌ವರ್ಡ್ ಹಾಕಿದ್ರೆ ಇನ್ನೂ ಎಲ್ಲಾ ತೆರೆಯುತ್ತೆ. ಮುಚ್ಚಿಬಿಡೋಣ. ದಾಖಲೆಗಳದ್ದು ಒಂದು ನಕಲು ಬೇರೆ ಕಡೆನೂ ಇಡೋಣ."

"ಅವರ ಹೆಸರು ಅಳಿಸೋದಾ? ನಂಗೆ ಚೀಸ್ ಮಾಡೋದು ಕಲಿಸಿದವರು ಅವರು," ಎಂದ ವೆರ್ಲಿನ್. "ಕಳ್ಳರಿಗೆ ದೊಡ್ಡ ಕಂಪನಿಗಳಿಲ್ವಾ? ನಮ್ಮ ಹಾಲು ಕದ್ದು ಏನ್ ಮಾಡ್ತಾರೆ, ಪಾಯಸನಾ? ಅದೇನಿದ್ರೂ ನಿನ್ನ ಕೆಲಸ, ನನ್ನ ತಲೆ ತಿನ್ನಬೇಡ."

"ಬೀಗ ನಾನು ಹಾಕ್ತೀನಿ. ಹಾಕು ಅಂತ ಹೇಳಬೇಕಾದವರು ನೀವು."

ನಾನೂ ವೆರ್ಲಿನ್ ಜೊತೆ ಸೇರಿ ನಕ್ಕೆ. ಈಗ ನಾಚಿಕೆಯಾಗುತ್ತದೆ.

ಮೇ ತಿಂಗಳ ಒಂದು ಬೆಳಿಗ್ಗೆ ಎಲ್ಲ ಪರದೆಗಳ ಮೇಲೂ ಒಂದೇ ಬರಹ: ನಿಮ್ಮದೆಲ್ಲ ನಮ್ಮ ವಶದಲ್ಲಿದೆ, ಹಣ ಕೊಟ್ಟು ಬಿಡಿಸಿಕೊಳ್ಳಿ. ತೊಟ್ಟಿಗಳ ಕಾವು ನೋಡುವುದು ಕಂಪ್ಯೂಟರೇ, ಯಾವ ಹಾಲು ಯಾರ ಮನೆಯದೆಂದು ಹೇಳುವುದೂ ಅದೇ. ಹೊರಗೆ ಹದಿನಾಲ್ಕು ಕುಟುಂಬಗಳ ಹಾಲು ಹೊತ್ತ ಮೂರು ಲಾರಿಗಳು ನಿಂತಿದ್ದವು. ಹಾಲು ನಮಗಾಗಿ ಕಾದು ಕೂರುವುದಿಲ್ಲ, ಕೆಚ್ಚಲು ತುಂಬಿದ ಹಸುವಂತೂ ಕೂರುವುದೇ ಇಲ್ಲ.

ನಾನು ಆಲ್ಬಿನ್‌ಗೆ ಫೋನ್ ಮಾಡಿದೆ. ಎಪ್ಪತ್ತೊಂಬತ್ತರ ಮುದುಕರು ಬಂದು ತಮ್ಮ ಮೊಳೆಯಿಂದ ಕೋಟು ತೆಗೆದು ತೊಟ್ಟರು. ಹಳೆಯ ಥರ್ಮಾಮೀಟರ್ ಹಿಡಿದು, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಒಂದು ತೊಟ್ಟಿಯನ್ನು ಕೈಯಾರೆ ನಡೆಸಿದರು. ಒಂದು ಲಾರಿ ಹಾಲು ಉಳಿಯಿತು. ಉಳಿದೆರಡನ್ನು ಗೊಬ್ಬರದ ಗುಂಡಿಗೆ ಸುರಿದೆವು.

ಸಂಜೆ ಮಾರಿಸೆಲಾ ಕಾರಣ ಹೇಳಿದಳು. ಆಲ್ಬಿನ್ ಇಲ್ಲಿ ಬಳಸಿದ್ದ ಪಾಸ್‌ವರ್ಡನ್ನೇ, ಅಂದರೆ ತಮ್ಮ ನಾಯಿಯ ಹೆಸರನ್ನೇ, ಬೀಜ ಮಾರುವ ಯಾವುದೋ ಜಾಲತಾಣದಲ್ಲೂ ಕೊಟ್ಟಿದ್ದರು. ಅಲ್ಲಿಂದ ಅದು ಕಳ್ಳರ ಕೈ ಸೇರಿತ್ತು.

ಆಲ್ಬಿನ್ ಕೋಟನ್ನು ಮೊಳೆಗೆ ನೇತುಹಾಕಿ ಬಂದರು. "ಲೋ ವೆರ್ಲಿನ್, ನನ್ನ ಹೆಸರು ಗೋಡೆ ಮೇಲಿದ್ರೆ ಸಾಕು. ಆ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಯಾಕಿಟ್ಟೆ?"

"ನಿಮಗೆ ಅವಮಾನ ಆಗುತ್ತೆ ಅಂತ…"

"ಹಾಲು ಗುಂಡಿಗೆ ಹೋಯ್ತಲ್ಲ, ಅದು ಅವಮಾನ. ಕಂಪ್ಯೂಟರ್ ಸರಿಹೋದ ಕೂಡಲೇ ತೆಗಿ. ನಾನು ನೋಡಬೇಕು."

ಕಳ್ಳರಿಗೆ ಹಣ ಕೊಡಲಿಲ್ಲ, ಪೊಲೀಸರಿಗೆ ತಿಳಿಸಿದೆವು. ದಾಖಲೆಗಳ ನಕಲು ಇಲ್ಲದ್ದರಿಂದ ಎಲ್ಲ ಸರಿಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಎರಡು ಕುಟುಂಬಗಳು ಬೇರೆ ಕಾರ್ಖಾನೆಗೆ ಹೋದವು, ಮರಳಿ ಬರಲಿಲ್ಲ. ಅವರ ಅಜ್ಜಂದಿರ ಕಾಲದಿಂದ ನಮಗೇ ಹಾಲು ಹಾಕುತ್ತಿದ್ದವರು. ಈಗ ಯಾರೇ ಕೆಲಸ ಬಿಟ್ಟರೂ ಅದೇ ದಿನ ವೆರ್ಲಿನ್ ತಾನೇ ಕೂತು ಕಂಪ್ಯೂಟರಿಗೆ ಅವರ ಪ್ರವೇಶ ಮುಚ್ಚಿಸುತ್ತಾನೆ. ಆಮೇಲೆ ಅವರ ಮೊಳೆಯ ಹೆಸರಿಗೆ ಹೊಸ ಬಣ್ಣ ಬಳಿಯುತ್ತಾನೆ.

ಅಂಗಡಿ, ಕಾರ್ಖಾನೆ, ಸಂಘ ನಡೆಸುವ ಯಜಮಾನರೇ, ಸೈಬರ್ ಭದ್ರತೆ ಕಂಪ್ಯೂಟರಿನವರ ತಲೆನೋವು ಎಂದು ಕೈತೊಳೆದುಕೊಳ್ಳಬೇಡಿ. ಒಂದೊಂದು ಕಡೆಗೆ ಒಂದೊಂದು ಪಾಸ್‌ವರ್ಡ್ ಇರಲಿ, ಜೊತೆಗೆ ಫೋನಿಗೆ ಬರುವ ಗುಟ್ಟಿನ ಸಂಖ್ಯೆಯೂ ಇರಲಿ. ದಾಖಲೆಯ ನಕಲು ಬೇರೆ ಕಡೆ ಇರಲಿ. ನಾಳೆ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ನಿಮ್ಮವರನ್ನು ಕೇಳಿ: ನಮ್ಮನ್ನು ಬಿಟ್ಟು ಹೋದ ಯಾರ ಹೆಸರಿಗೆ ನಮ್ಮ ಬಾಗಿಲು ಇನ್ನೂ ತೆರೆಯುತ್ತಿದೆ?