ಪೆಟ್ಟಿಗೆಗೆ ಕಲಿಸಿದ ನವಿಲು

ನಮ್ಮ ಕಂಪ್ಯೂಟರಿನಷ್ಟು ಮೈಗಳ್ಳ ಜೀವ ಇಡೀ ನವಲಗುಂದದಲ್ಲಿ ಇನ್ನೊಂದಿರಲಿಲ್ಲ. ಗುಂಡಿ ಒತ್ತಿ ಒಲೆಗೆ ಅನ್ನ ಇಟ್ಟರೆ ಅನ್ನ ಬೇಯುತ್ತಿತ್ತು, ಅದು ಮಾತ್ರ ಕಣ್ಣು ಬಿಡುತ್ತಿರಲಿಲ್ಲ. ಊರವರ ಆನ್‌ಲೈನ್ ಕೆಲಸ ಮಾಡಿಕೊಡಲು ಅದನ್ನು ಸೆಕೆಂಡ್‌ಹ್ಯಾಂಡಾಗಿಯೇ ಕೊಂಡಿದ್ದೆ. ಅಮ್ಮ ಫಾತಿಮಾಬಿ ಜಮಖಾನ ನೇಯುವವಳು. ಅವಳ ಮಗ್ಗವೂ ನನ್ನ ಕಂಪ್ಯೂಟರೂ ಒಂದೇ ಕೋಣೆಯಲ್ಲಿದ್ದವು. ಧೂಳು ಕೂರಬಾರದೆಂದು ಅವಳು, ಅದು ನಡೆಯುತ್ತಿರುವಾಗಲೂ, ಮೇಲೆ ಜಮಖಾನದ ತುಂಡು ಹೊದಿಸುತ್ತಿದ್ದಳು. ರಿಪೇರಿಯ ರಮಜಾನ್ ಭಾಯಿ ಬಿಚ್ಚಿ ನೋಡಿದಾಗ ಫ್ಯಾನಿನೊಳಗಿಂದ ಒಂದು ಹಿಡಿ ಹತ್ತಿ ಬಂತು.

“ತಂಗಿ, ಈ ಹತ್ತೀಲೆ ಒಂದ್ ದಿಂಬು ಮಾಡ್ಕೋ,” ಎಂದು ಪೆನ್‌ಡ್ರೈವ್ ಕೈಗಿಟ್ಟ. “ಇದರಾಗ ಲಿನಕ್ಸ್ ಐತಿ, ಹಳೇ ಕಂಪ್ಯೂಟರೂ ಓಡಿಸೋ ಸಾಫ್ಟ್‌ವೇರು, ಹಾಕ್ಕೋ. ಹಳೇದೆಲ್ಲಾ ಅಳಿಸಿ ಹೋಗ್ತೈತಿ ಮತ್ತ.”

ಅಳಿಸಿ ಹೋಗುವುದರ ಸಂಕಟ ನನಗೆ ಬೇರೆಯೇ ಇತ್ತು. ನಮ್ಮ ಮನೆತನದಲ್ಲಿ ನೇಯ್ಗೆಯ ಗುಟ್ಟನ್ನು ಸೊಸೆಗೆ ಹೇಳುತ್ತಾರೆ, ಮಗಳಿಗಲ್ಲ. ಮಗಳು ಲಗ್ನವಾಗಿ ಹೋದರೆ ಗುಟ್ಟೂ ಪರರ ಮನೆ ಸೇರುತ್ತದಂತೆ. ಅಮ್ಮನಿಗೆ ನಾನೊಬ್ಬಳೇ, ಗಂಡುಮಗನೇ ಇಲ್ಲದ ಮೇಲೆ ಸೊಸೆ ಎಲ್ಲಿಂದ ಬರಬೇಕು? ಆದರೂ ಅವಳು ಜಮಖಾನದ ಮೇಲೆ ನವಿಲು ನೇಯಲು ಕೂತರೆ ನನ್ನನ್ನು ಅಡುಗೆಮನೆಗೆ ಅಟ್ಟುತ್ತಿದ್ದಳು. ಎಷ್ಟು ಗೋಗರೆದರೂ, “ನಮ್ಮತ್ತೀಗೆ ಮಾತು ಕೊಟ್ಟೇನಿ,” ಎಂಬುದೊಂದೇ ಉತ್ತರ. ಮುಂದಿನ ತಿಂಗಳು ನನ್ನ ನಿಕಾಹ್, ಆಮೇಲೆ ನಾನು ಅಳ್ನಾವರದವಳು. ಆ ನವಿಲು ಅಮ್ಮನ ಜೊತೆಗೇ ಮಣ್ಣಾಗುವುದೇ ಸೈ.

ಶುಕ್ರವಾರ ಮಧ್ಯಾಹ್ನ ಪೆನ್‌ಡ್ರೈವ್ ಸಿಕ್ಕಿಸಿದೆ. ಪರದೆ ಕಪ್ಪಾಗಿ ಬಿಳಿ ಅಕ್ಷರಗಳು ಓಡತೊಡಗಿದವು. ಅಮ್ಮ ನೂಲು ತಟ್ಟುವ ಪಂಜಾ ಕೆಳಗಿಟ್ಟು ಎದ್ದು ಬಂದಳು.

“ಏನ್ ಮಾಡಾಕತ್ತೀಬೇ?”

“ಒಳಗಿದ್ದದ್ದೆಲ್ಲಾ ತಗದು ಹೊಸಾದು ಹಾಕಾಕತ್ತೀನಮ್ಮಾ.”

“ಎಲ್ಲಾ ತಗದರ ಸಾಯೂದಿಲ್ಲೇನು?”

ನನಗೂ ಅದೇ ಭಯವಿತ್ತು. ಅಷ್ಟರಲ್ಲಿ ಅದು ತಾನಾಗಿಯೇ ಆರಿತು. ಅಮ್ಮ ಬಿಸ್ಮಿಲ್ಲಾ ಎಂದಳು. ನಾನು ಉಸಿರು ಬಿಡುವಷ್ಟರಲ್ಲಿ ಪರದೆ ಬೆಳಗಿ, ಒತ್ತಿದ್ದೆಲ್ಲ ಬೆರಳು ಎತ್ತುವ ಮೊದಲೇ ತೆರೆಯತೊಡಗಿತು. ಅದೇ ಡೊಂಕು ಪೆಟ್ಟಿಗೆ, ಅದೇ ಅಕ್ಷರ ಅಳಿಸಿದ ಕೀಬೋರ್ಡು. ಇಷ್ಟು ಓಟ ಇದರೊಳಗೆ ಇತ್ತೇ! ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವಂತೆ ಅಮ್ಮ ಅದನ್ನು ಮುಟ್ಟಿ ನೋಡಿದಳು.

“ಈಗ ಇದರಾಗ ಏನೈತಿ?”

“ಏನೂ ಇಲ್ಲ. ನಾವು ಏನ್ ಹಾಕ್ತೀವೋ ಅದನ್ನ ನೆನಪಿಟ್ಕೋತೈತಿ.”

ಅವಳು ಮಗ್ಗದ ಕಡೆ ತಿರುಗಿ ನೋಡಿದಳು. “ಅಳ್ನಾವರಕ್ಕ ಒಯ್ತೀಯೇನು ಇದನ್ನ?”

“ಇಲ್ಲಮ್ಮಾ. ಇಲ್ಲೇ ಇರ್ತೈತಿ.”

“ಹಂಗಾರ ಇದು ಸೊಸಿ ಇದ್ದಂಗ. ಮನಿ ಬಿಟ್ಟು ಹೋಗೂದಿಲ್ಲ,” ಎಂದವಳೇ ಬಾಗಿಲ ಚಿಲಕ ಹಾಕಿದಳು. “ಚೌಕಾ ಚೌಕಾ ಇರೂದು ಏನರ ಇದ್ರ ತಗಿ.”

ಚೌಕಗಳ ಹಾಳೆ ತೆರೆದೆ. ಅಮ್ಮ ಕಣ್ಣು ಮುಚ್ಚಿ ಹೇಳತೊಡಗಿದಳು. ಎರಡು ಕೆಂಪು, ಒಂದು ಕರಿ, ಬಿಡು, ಮತ್ತೆ ಕೆಂಪು. ಸಾಲಿನ ಮೇಲೆ ಸಾಲು, ಎಲ್ಲೂ ತಡವರಿಸದೆ. ನಾನು ಬಣ್ಣ ತುಂಬುತ್ತಾ ಹೋದೆ. ಮೊದಲು ಕಾಲು ಮೂಡಿತು, ಆಮೇಲೆ ಹೊಟ್ಟೆ, ಆಮೇಲೆ ಗರಿ. ಹುಟ್ಟಿದಾಗಿನಿಂದ ಹಾಸಿಕೊಂಡು ಮಲಗಿದ ನವಿಲು ಹೇಗೆ ಎದ್ದು ನಿಲ್ಲುತ್ತದೆಂದು ಅವತ್ತೇ ಕಂಡೆ. ಈ ಪುಟ್ಟ ಹೆಂಗಸು ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಳೋ. ಕಂಪ್ಯೂಟರನ್ನು ಮರೆತು ಅಮ್ಮನನ್ನೇ ನೋಡಿದೆ.

ಕುತ್ತಿಗೆಯ ಹತ್ತಿರ ಬಂದು ಅವಳು ನಿಂತಳು.

“ಗೋಣು ಬಾಯಿಲೆ ಹೇಳಾಕ ಬರೂದಿಲ್ಲ. ಅದು ಕೈಯಾಗೈತಿ. ಇದಕ ಕೈ ಇಲ್ಲಲಾ.”

“ಇಲ್ಲಮ್ಮಾ.”

ಅಮ್ಮ ಎರಡೂ ಕೈಯಿಂದ ಪರದೆಯನ್ನು ಎತ್ತಿ, ವೈರು ಹೋದಷ್ಟು ದೂರ ಎಳೆದು, ಮಗ್ಗದ ಕಡೆ ಮುಖ ಮಾಡಿ ಇಟ್ಟಳು. ಮಗ್ಗದ ಮುಂದಿನ ಹಲಗೆಯನ್ನು ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿ, ಪಂಜಾ ಕೊಟ್ಟು, ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು.

“ನಿನಗ ಕಲಿಸಾಕತ್ತಿಲ್ಲ ಮತ್ತ,” ಎಂದಳು. “ಅದು ನೋಡ್ಲಿ ಅಂತ.”