ಕಚ್ಚುವ ಚೈನು

ರಸ್ತೆಯ ಮರ ಕಡಿಯುವ ಕಂಟ್ರಾಕ್ಟು ಹಿಡಿದಿದ್ದ ಚಿಕ್ಕಬೈರಪ್ಪ ಮರ ಕೊಯ್ಯುವ ಮಷೀನನ್ನು ಬೆಂಚಿನ ಮೇಲೆ ಕುಕ್ಕಿದ ರಭಸಕ್ಕೆ ತಟ್ಟೆಯಲ್ಲಿದ್ದ ನಟ್ಟುಗಳು ಚೆಲ್ಲಿದವು.

"ಏನ್ಲಾ ನಂದೀಶ, ಇದು ಮರ ಕುಯ್ತದಾ, ಇಲ್ಲ ಮರದ್ ಬೆನ್ನು ಉಜ್ತದಾ?"

ನಂದೀಶ್ ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿದ. ಮರದ ಪುಡಿ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಬ್ರಶ್ಶಿನಲ್ಲಿ ಬಿಡಿಸಿ, ಪ್ಲಗ್ಗಿನ ಮಸಿ ಒರೆಸಿ, ಚೈನಿನ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದ. ಚೂಪಾಗಿಯೇ ಇದ್ದವು. ಹಿಂದಿನ ದಿನವಷ್ಟೇ ಅವನ ಹೆಂಡತಿ ಮಂಜುಶ್ರೀ ಅರದಿಂದ ಉಜ್ಜಿ ಹರಿತ ಮಾಡಿದ್ದಳು.

ಕಾಡುಗೋಡಿಯ ಆ ಅಂಗಡಿಗೆ ಮೊದಲೆಲ್ಲ ಬರುತ್ತಿದ್ದುದು ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಷೀನು. ಹೊಲಗಳು ಅಪಾರ್ಟ್‌ಮೆಂಟುಗಳಾದ ಮೇಲೆ ಹುಲ್ಲು ಕತ್ತರಿಸುವುದು, ಮರ ಕೊಯ್ಯುವುದು ಬರತೊಡಗಿದವು. ಮಷೀನು ಸಾಯುವುದು ದುಡಿತದಿಂದಲ್ಲ, ಕೊಳೆಯಿಂದ ಎನ್ನುತ್ತಿದ್ದ ನಂದೀಶ್. ಅರವನ್ನು ಓರೆಯಾಗಿ ಹಿಡಿದು ಮುಂದಕ್ಕಷ್ಟೇ ನೂಕಬೇಕೆಂದು ಮಂಜುಶ್ರೀಗೆ ಕಲಿಸಿದವನೂ ಅವನೇ. ಈಗ ಆ ಕೆಲಸಕ್ಕೆ ಅವಳ ಕೈಯೇ ವಾಸಿ.

"ಚೈನು ಸರಿಯಾಗೈತೆ ದೊಡ್ಡಪ್ಪ."

"ಸರಿಯಾಗಿದ್ರೆ ಸಾಲ್ದು ಕಣ್ಲಾ, ಕಚ್ಬೇಕು. ಆ ಅಪಾರ್ಟ್‌ಮೆಂಟ್ ಮೇಡಮ್ಮಗಳು ಸೋಮವಾರ ಕೋರ್ಟಿಂದ ಸ್ಟೇ ತತ್ತಾರಂತೆ. ನಾಳೆ ಬೈಗಿಗೆಲ್ಲ ರೋಡಿನ ಮಳೆಮರ ಅಷ್ಟೂ ಮಲಗಬೇಕು. ಆ ಗುಬ್ಬಿ ಇಳಿಸ್ಬಿಡು."

ಚೈನಿನ ಒಂದೊಂದು ಹಲ್ಲಿನ ಮುಂದೆಯೂ ಒಂದು ಸಣ್ಣ ಗುಬ್ಬಿ ಇರುತ್ತದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎನ್ನುವುದು ಅದರ ಲೆಕ್ಕ. ಅದನ್ನು ಉಜ್ಜಿ ಇಳಿಸಿದರೆ ಹಲ್ಲಿಗೆ ಹಿಡಿತ ತಪ್ಪುತ್ತದೆ.

"ಎಗರ್ತದೆ ದೊಡ್ಡಪ್ಪ. ಹಿಡ್ದೋನ ಮುಖಕ್ಕೇ ಬರ್ತದೆ."

"ಹಿಡ್ಕೊಳ್ಳೋಕೆ ಗಂಡಸ್ರನ್ನೇ ಇಟ್ಟಿವ್ನಿ. ನಿಮ್ಮಪ್ಪ ಇದ್ದಿದ್ರೆ ಎಲ್ಡನೇ ಸಲ ಹೇಳಿಸ್ಕೋತಿದ್ನಾ?"

ನಂದೀಶ್ ತಲೆಯೆತ್ತಿ ಸೂರಿನ ಶೀಟು ನೋಡಿದ. ಶೀಟು, ಕಂಬ, ಕಾಲ ಕೆಳಗಿನ ಜಾಗ, ಎಲ್ಲ ದೊಡ್ಡಪ್ಪನದು. ಚಪ್ಪಟೆ ಅರ ಕೈಗೆತ್ತಿಕೊಂಡು ಗುಬ್ಬಿಗಳನ್ನು ಉಜ್ಜತೊಡಗಿದ.

"ಮಾವ, ನಾಳೆ ಈ ಮಷೀನು ಯಾರ ಕೈಗೆ?" ಅಂಗಡಿಯ ಹಿಂದಿನ ಮನೆಯಿಂದ ಬಂದ ಮಂಜುಶ್ರೀ ಕೇಳಿದಳು.

"ನಿನ್ ತಮ್ಮ ಅಂಬರೀಸುನ್ಗೇ ಕಣವ್ವ. ರೆಂಬೆ ಎಳೆಯೋನ್ಗೆ ಪ್ರಮೋಸನ್ನು!" ಚಿಕ್ಕಬೈರಪ್ಪ ನಕ್ಕ. "ಬ್ರೇಕೂ ಕಟ್ಟಾಕ್ಲಾ. ಎಗರಿದಾಗೆಲ್ಲ ಬಿದ್ದು ಚೈನ್ ನಿಲ್ಲುಸ್ತದೆ, ಅರ್ಧ ದಿನ ಅದ್ರಲ್ಲೇ ಓಯ್ತದೆ."

ಹಿಡಿಯ ಮುಂದಿನ ಬ್ರೇಕನ್ನು ನಂದೀಶ್ ಕಟ್ಟುವ ತಂತಿಯಲ್ಲಿ ಸುತ್ತಿ ಬಿಗಿದ. ಊಟದ ಹೊತ್ತಿನಲ್ಲಿ ಅವಳು ಅವನ ಮುಖ ನೋಡಿದಳು. ಅವನು ತಟ್ಟೆ ನೋಡಿಕೊಂಡು ಉಂಡ.

ಬೆಳಿಗ್ಗೆ ಹಾಲಿನವನು ಬಂದು ಹೋದ ಮೇಲೆ ಅವಳು ಅಂಗಡಿಯ ಬಾಗಿಲು ತೆರೆದಳು. ಬ್ರೇಕಿನ ತಂತಿ ಕತ್ತರಿಸಿದಳು. ಆ ಚೈನು ಬಿಚ್ಚಿ ಮೊಳೆಗೆ ತಗುಲಿಸಿ, ಗುಬ್ಬಿ ನೆಟ್ಟಗಿರುವ ಬೇರೆ ಚೈನು ಹಾಕಿದಳು.

ಮಷೀನು ಒಯ್ಯಲು ಬಂದ ಅಂಬರೀಶ್ ಹೊರಗೆ ಬಿದ್ದಿದ್ದ ನೀಲಗಿರಿ ತುಂಡಿನ ಮೇಲೆ ಅದನ್ನು ಓಡಿಸಿ ನೋಡಿದ. ನಿಲ್ಲಿಸಿ ಅಕ್ಕನ ಕಡೆ ತಿರುಗಿದ.

"ಇದು ಬೈರಪ್ಪನೋರು ಹೇಳಿದ್ ಚೈನ್ ಅಲ್ಲ."

"ಇದೇ ಸಾಕು ಕಣೋ."

"ಸಾಕಂತೆ! ಮೇಸ್ತ್ರಿ ಆವಲಪ್ಪ ನಿನ್ನೆ ಎಲ್ರ ಮುಂದೆ ಏನಂದ ಗೊತ್ತಾ? ಅಂಬರೀಶ ಮಷೀನ್ ಹಿಡಿದ್ರೆ ಮರಕ್ಕೆ ಶೇವಿಂಗು, ಸೋಪೊಂದು ಕೊಡ್ರೋ ಅಂತ. ರೆಂಬೆ ಎಳೆಯೋ ಹೆಂಗಸ್ರೆಲ್ಲ ನಕ್ರು."

"ನಗ್ಲಿ ಬಿಡು. ಅದು ಎಗರಿದ್ರೆ ಮುಖ ಉಳಿಯಲ್ಲ ಅಂಬ್ರಿ."

"ನಾನೇನು ಮಗೂನಾ?" ಮೊಳೆಯ ಮೇಲಿನ ಚೈನು ಕಂಡ. ತೆಗೆದು, ಒಂದು ತುಂಡು ಕಟ್ಟುವ ತಂತಿಯ ಜೊತೆ ಪೇಪರಿನಲ್ಲಿ ಸುತ್ತಿ ಪ್ಯಾಂಟಿನ ಜೇಬಿಗಿಳಿಸಿದ. "ಜೊತೇಲಿರ್ಲಿ ಅಷ್ಟೇ. ಹಾಕಲ್ಲ, ನಿನ್ನಾಣೆ."

ಅವಳು ಅವನ ತೋಳು ಹಿಡಿದಳು. ಅವನು ನಗುತ್ತಲೇ ಬಿಡಿಸಿಕೊಂಡು ಮಷೀನಿನೊಂದಿಗೆ ಬೈಕು ಹತ್ತಿದ.

ಎದ್ದು ಬಂದ ಗಂಡನಿಗೆ ಎಲ್ಲ ಹೇಳಿದಳು. "ಮಾವನಿಗೆ ಫೋನ್ ಮಾಡಿ. ಅವನ ಕೈಗೆ ಬೇಡ ಅನ್ನಿ." ನಂದೀಶ್ ಫೋನ್ ತೆಗೆದ. ನಂಬರು ಒತ್ತಿ, ಕರೆ ಹೋಗುವ ಮೊದಲೇ ಕಟ್ ಮಾಡಿದ.

"ಅದು ಎಗರ್ತದೆ ಅಂತ ಅಂಬರೀಶನಿಗೂ ಗೊತ್ತಾಗ್ತದೆ ಬಿಡು," ಎಂದ.

ರಸ್ತೆ ಕೆಲಸ ನಡೆಯುತ್ತಿದ್ದುದು ರೈಲ್ವೆ ಹಳಿಯ ಆಚೆ. ಮಂಜುಶ್ರೀ ಪಾತ್ರೆ ತೊಳೆಯುವಾಗ ಮಷೀನುಗಳ ಸದ್ದು ಕೇಳತೊಡಗಿತು. ಉಳಿದವು ಒಡಕು ಗಂಟಲಿನವು. ಅಂಬರೀಶನದು ನಂದೀಶ್ ಹದ ಮಾಡಿದ್ದು. ಒಂದೇ ಸಮ ನುಣ್ಣಗೆ ಕೊಯ್ಯುತ್ತಿತ್ತು. ಅವಳು ಕೈ ನೀರಲ್ಲಿಟ್ಟುಕೊಂಡೇ ಕೇಳುತ್ತಿದ್ದಳು.

ಆ ಸದ್ದು ನಿಂತಿತು. ಒಂದು ಚೈನು ಬಿಚ್ಚಿ ಇನ್ನೊಂದು ಹಾಕಿ, ಬ್ರೇಕಿಗೆ ತಂತಿ ಬಿಗಿಯುವಷ್ಟು ಹೊತ್ತು ನಿಂತಿತ್ತು.

ಮತ್ತೆ ಶುರುವಾದಾಗ ಅದು ಬೇರೆಯೇ ಸದ್ದು. ಗಬಕ್ಕನೆ ಕಚ್ಚಿ, ಉಸಿರು ಕಟ್ಟಿದಂತೆ ತಗ್ಗಿ, ಕಿತ್ತುಕೊಂಡು ಏರಿ, ಮತ್ತೆ ಕಚ್ಚುತ್ತಿತ್ತು. ಅಂಗಡಿಯಲ್ಲಿ ನಂದೀಶನ ಸ್ಪ್ಯಾನರಿನ ಸದ್ದು ನಿಂತಿತು. ಆಚೆ ಜನ ಕೂಗಿದರು, ಮರ ಉರುಳಿತು, ನೆಲ ಅದುರಿತು. ಯಾರೋ ಸಿಳ್ಳೆ ಹೊಡೆದರು. ಅದು ತಮ್ಮನಿಗೇ ಎಂದು ಅವಳಿಗೆ ಗೊತ್ತಾಯಿತು.

ಇನ್ನೊಂದು ಮರಕ್ಕೆ ಕೈ ಹಾಕಿದ. ಕಚ್ಚಿತು, ತಗ್ಗಿತು, ಕಚ್ಚಿತು. ಆಮೇಲೆ ಸದ್ದು ಮರದಿಂದ ಹೊರಬಿದ್ದು ಒಮ್ಮೆಲೇ ಹಗುರಾಗಿ ಕಿರುಚಿತು. ಅರೆಗಳಿಗೆ. ಮತ್ತೆ ಇಳಿಯಿತು.

ಈ ಸಲ ಮರ ಬೀಳಲಿಲ್ಲ. ಉಳಿದ ಮಷೀನುಗಳು ಒಂದೊಂದಾಗಿ ನಿಂತವು. ಅಂಬರೀಶನದು ಮಾತ್ರ ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತುವ ಕೈಯಿಲ್ಲದೆ, ಮೆಲ್ಲಗೆ, ಎಲ್ಲಿಯೂ ತಪ್ಪದೆ ಓಡುತ್ತಲೇ ಇತ್ತು. ಅದನ್ನು ಆರಿಸಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ.

ಮಂಜುಶ್ರೀ ಒದ್ದೆ ಕೈಯಲ್ಲೇ ಎದ್ದು ಅಂಗಡಿಯ ಮುಂದಿನಿಂದ ಹಾದು ಹೋದಳು. ನಂದೀಶ್ ಬಾಗಿಲಲ್ಲಿ ನಿಂತಿದ್ದ. ಅವಳು ಅವನನ್ನು ಕರೆಯಲಿಲ್ಲ. ಬರಿಗಾಲಲ್ಲಿ ಹಳಿಯ ಕಡೆಗೆ, ಆ ಸದ್ದು ಬರುತ್ತಿದ್ದ ದಿಕ್ಕಿಗೆ ನಡೆದಳು.